ಅಟ್ಲಾಂಟಿಕ್ ದಾಟುವ ಫಸ್ಟ್ ಕ್ಲಾಸ್ ಟಿಕೆಟ್: ದರ ಇಳಿಯುವುದು ಎಲ್ಲಿ, ಎಡವುವುದು ಎಲ್ಲಿ?

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಏಳೆಂಟು ಗಂಟೆಯ ಹಾರಾಟ. ಅದೇ ವಿಮಾನ, ಅದೇ ಫಸ್ಟ್ ಕ್ಲಾಸ್, ಅದೇ ಊಟ. ಆದರೆ ಒಬ್ಬರು ಕೊಟ್ಟ ಹಣದ ಅರ್ಧವನ್ನಷ್ಟೇ ಪಕ್ಕದ ಸೀಟಿನವರು ಕೊಟ್ಟಿರಬಹುದು. ಇದರಲ್ಲಿ ಅದೃಷ್ಟದ ಪಾಲು ಕಡಿಮೆ. ಟಿಕೆಟ್ ಯಾವ ಊರಿನಿಂದ ಶುರುವಾಗುತ್ತದೆ ಎಂಬುದೇ ದರವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಮೊದಲಿಗೆ, ಈ ಮಾರ್ಗದಲ್ಲಿ ನಿಜವಾದ ಫಸ್ಟ್ ಕ್ಲಾಸ್ ಉಳಿಸಿಕೊಂಡಿರುವ ಕಂಪನಿಗಳು ಬೆರಳೆಣಿಕೆಯಷ್ಟು. ಬ್ರಿಟಿಷ್ ಏರ್‌ವೇಸ್, ಲುಫ್ತಾನ್ಸಾ, ಸ್ವಿಸ್, ಏರ್ ಫ್ರಾನ್ಸ್ ಮುಖ್ಯವಾದವು. ದುಬೈನ ಎಮಿರೇಟ್ಸ್ ಮಿಲಾನ್‌ನಿಂದ ನ್ಯೂಯಾರ್ಕ್‌ಗೆ, ಅಥೆನ್ಸ್‌ನಿಂದ ನ್ಯೂಅರ್ಕ್‌ಗೆ ಹಾರುತ್ತದೆ. ಡೆಲ್ಟಾ, ಯುನೈಟೆಡ್, ವರ್ಜಿನ್ ಅಟ್ಲಾಂಟಿಕ್, ಕೆಎಲ್‌ಎಂಗಳಲ್ಲಿ ಬಿಸಿನೆಸ್ ಕ್ಲಾಸೇ ಕೊನೆಯ ಮೆಟ್ಟಿಲು. ಅಮೆರಿಕದೊಳಗಿನ ವಿಮಾನಗಳಲ್ಲಿ 'ಫಸ್ಟ್' ಎಂದು ಮಾರುವುದು ಸ್ವಲ್ಪ ಅಗಲದ ಸೀಟು, ಅಷ್ಟೇ. ಹುಡುಕುವಾಗ ಅಂಥ ಒಂದು ತುಂಡು ಪ್ರಯಾಣ ಸೇರಿಕೊಂಡರೆ ಸಾಕು, ಇಡೀ ಟಿಕೆಟ್ ಫಸ್ಟ್ ಕ್ಲಾಸ್ ಎಂಬಂತೆ ಕಾಣುತ್ತದೆ. ಸಾಗರ ದಾಟುವ ಭಾಗಕ್ಕೆ ಯಾವ ಕ್ಲಾಸ್ ಬರೆದಿದೆ ಎಂದು ಬೇರೆಯಾಗಿಯೇ ನೋಡಬೇಕು.

ಲಂಡನ್ ದುಬಾರಿ, ಡಬ್ಲಿನ್ ಅಗ್ಗ

ಲಂಡನ್‌ನಿಂದ ನೇರವಾಗಿ ಹೊರಡುವವರಲ್ಲಿ ಬ್ಯಾಂಕ್, ಕಾನೂನು ಸಂಸ್ಥೆಗಳ ದೊಡ್ಡ ಅಧಿಕಾರಿಗಳು ಹೆಚ್ಚು. ಬಿಲ್ ಕಟ್ಟುವುದು ಕಂಪನಿ, ಹಾಗಾಗಿ ದರವೂ ಏರಿಯೇ ಇರುತ್ತದೆ. ಡಬ್ಲಿನ್, ಓಸ್ಲೋ, ಸ್ಟಾಕ್‌ಹೋಮ್‌ಗಳ ಕಥೆ ಬೇರೆ. ಅಲ್ಲಿನವರು ಲಂಡನ್‌ನಲ್ಲಿ ವಿಮಾನ ಬದಲಿಸಿ ಹೋಗಬೇಕೆಂದರೆ ಏನಾದರೂ ಆಮಿಷ ಬೇಕಲ್ಲ? ಆ ಆಮಿಷವೇ ಕಡಿಮೆ ದರ.

ಇದರ ಜೊತೆಗೆ ತೆರಿಗೆ ಬೇರೆ. ಬ್ರಿಟನ್ 1994ರಿಂದ ವಿಮಾನ ಪ್ರಯಾಣಿಕರ ಮೇಲೆ 'ಏರ್ ಪ್ಯಾಸೆಂಜರ್ ಡ್ಯೂಟಿ' ವಿಧಿಸುತ್ತಿದೆ. ಲಂಡನ್‌ನಿಂದ ಅಮೆರಿಕಕ್ಕೆ ಎಕಾನಮಿಗಿಂತ ಮೇಲಿನ ದರ್ಜೆಯಲ್ಲಿ ಹೊರಟರೆ ಅದು ತಲಾ 200 ಪೌಂಡ್ ದಾಟುತ್ತದೆ. ಬೇರೆ ದೇಶದಿಂದ ಬಂದು ಒಂದೇ ಟಿಕೆಟ್‌ನಲ್ಲಿ 24 ಗಂಟೆಯೊಳಗೆ ಮುಂದಿನ ವಿಮಾನ ಹಿಡಿಯುವವರಿಗೆ ಈ ತೆರಿಗೆ ಇಲ್ಲ. ಹಾಗಾಗಿ ಡಬ್ಲಿನ್–ಲಂಡನ್–ನ್ಯೂಯಾರ್ಕ್ ಟಿಕೆಟ್, ಅದರೊಳಗೇ ಇರುವ ಲಂಡನ್–ನ್ಯೂಯಾರ್ಕ್ ಟಿಕೆಟ್‌ಗಿಂತ ಅಗ್ಗವಾಗುವ ವಿಚಿತ್ರ ಆಗಾಗ ನಡೆಯುತ್ತದೆ.

ರಿಯಾಯಿತಿ ಟಿಕೆಟ್ ಗುರುತಿಸುವುದು ಸುಲಭ. ಬಹುತೇಕ ಕಂಪನಿಗಳಲ್ಲಿ ಪೂರ್ಣ ದರದ ಫಸ್ಟ್ ಕ್ಲಾಸ್‌ಗೆ 'ಎಫ್', ಇಳಿಸಿದ ದರಕ್ಕೆ 'ಎ' ಎಂಬ ಅಕ್ಷರ. 'ಎ' ಎಂದರೆ ಷರತ್ತುಗಳು ಬರುತ್ತವೆ: ಮುಂಚಿತ ಖರೀದಿ, ಹೋಗಿಬರುವ ಟಿಕೆಟ್, ನಡುವೆ ಶನಿವಾರದ ರಾತ್ರಿಯ ವಾಸ್ತವ್ಯ, ರದ್ದು ಮಾಡಿದರೆ ಕಡಿತ. ಕಚೇರಿ ಪ್ರಯಾಣ ತಗ್ಗುವ ಜುಲೈ–ಆಗಸ್ಟ್ ಮತ್ತು ಕ್ರಿಸ್‌ಮಸ್ ವಾರಗಳಲ್ಲಿ ಎಕಾನಮಿ ಟಿಕೆಟ್ ಗಗನಕ್ಕೇರಿದರೂ ಮುಂದಿನ ಕ್ಯಾಬಿನ್‌ನಲ್ಲಿ ಇಂಥ ಸೀಟು ಸಿಗುವ ಸಾಧ್ಯತೆ ಹೆಚ್ಚು.

ಡಬ್ಲಿನ್‌ಗೆ ಯಾಕೆ ಹೋಗಬೇಕು, ಲಂಡನ್‌ನಲ್ಲೇ ಹತ್ತಿದರಾಯಿತು ಎಂದುಕೊಂಡರೆ ಕೆಟ್ಟಿತು. ಮೊದಲ ಭಾಗದಲ್ಲಿ ಪ್ರಯಾಣಿಕ ಕಾಣಿಸದಿದ್ದರೆ ಉಳಿದ ಭಾಗಗಳೆಲ್ಲ ರದ್ದಾಗುತ್ತವೆ. ಕೊನೆಯ ಭಾಗ ಬಿಟ್ಟುಬಿಡುವುದು ಅಷ್ಟು ಅಪಾಯವಲ್ಲ, ಆದರೆ ಅದೂ ನಿಯಮಕ್ಕೆ ವಿರುದ್ಧ. ಸಿಯಾಟಲ್‌ನಿಂದ ಫ್ರಾಂಕ್‌ಫರ್ಟ್ ಮೂಲಕ ಓಸ್ಲೋಗೆ ಟಿಕೆಟ್ ಇದ್ದ ಪ್ರಯಾಣಿಕನೊಬ್ಬ ಫ್ರಾಂಕ್‌ಫರ್ಟ್‌ನಲ್ಲೇ ಇಳಿದು ಬರ್ಲಿನ್‌ಗೆ ಹೋದಾಗ ಲುಫ್ತಾನ್ಸಾ 2,112 ಯೂರೋ ಕೇಳಿ ಮೊಕದ್ದಮೆ ಹೂಡಿತ್ತು. ಬರ್ಲಿನ್ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಅದನ್ನು ತಳ್ಳಿಹಾಕಿತು.

ಭಾರತೀಯ ಪಾಸ್‌ಪೋರ್ಟ್ ಇದ್ದರೆ

ಅಂತರ್ಜಾಲದಲ್ಲಿ ಸಿಗುವ ಸಲಹೆಗಳು ಬಹುಪಾಲು ಯುರೋಪ್, ಅಮೆರಿಕದ ಪಾಸ್‌ಪೋರ್ಟ್ ಇರುವವರಿಗಾಗಿ ಬರೆದವು. ಮುಂಬೈ ಅಥವಾ ಬೆಂಗಳೂರಿನಿಂದ ಹೊರಡುವವರಿಗೆ ಲೆಕ್ಕ ಬದಲಾಗುತ್ತದೆ. ಓಸ್ಲೋದಿಂದ ಪ್ರಯಾಣ ಆರಂಭಿಸಲು ಷೆಂಗೆನ್ ವೀಸಾ ಬೇಕು. ಐರ್ಲೆಂಡ್ ಷೆಂಗೆನ್ ವಲಯದಲ್ಲಿಲ್ಲ, ಆ ವೀಸಾ ಡಬ್ಲಿನ್‌ನಲ್ಲಿ ನಡೆಯುವುದಿಲ್ಲ. ಲಂಡನ್‌ನಲ್ಲಿ ವಿಮಾನ ಬದಲಿಸಲು ಟ್ರಾನ್ಸಿಟ್ ನಿಯಮ ಬೇರೆ. ಅಲ್ಲಿಯವರೆಗೆ ತಲುಪುವ ಪ್ರತ್ಯೇಕ ಟಿಕೆಟ್, ಒಂದು ರಾತ್ರಿಯ ಹೋಟೆಲ್, ಕಾರ್ಡ್‌ನ ವಿದೇಶಿ ಕರೆನ್ಸಿ ಶುಲ್ಕ ಎಲ್ಲವೂ ಖರ್ಚೇ. ಆ ಪ್ರತ್ಯೇಕ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಯಾವ ಕಂಪನಿಯೂ ಹೊಣೆಯಲ್ಲ.

ಹೀಗಾಗಿ ಈ ದಾರಿ ಲಾಭ ತರುವುದು ಹೇಗೂ ಯುರೋಪ್‌ನಲ್ಲಿರುವವರಿಗೆ, ಓದು ಅಥವಾ ಕೆಲಸಕ್ಕೆ ಅಲ್ಲಿ ನೆಲೆಸಿದವರಿಗೆ. ಉಳಿದವರು ಮೊದಲು ಭಾರತದಿಂದ ಲಂಡನ್ ಅಥವಾ ಫ್ರಾಂಕ್‌ಫರ್ಟ್ ಮೂಲಕ ಅಮೆರಿಕಕ್ಕೆ ಒಂದೇ ಟಿಕೆಟ್‌ನ ದರ ನೋಡುವುದು ಒಳ್ಳೆಯದು. ಆದರೆ ಭಾರತದಿಂದ ಹೊರಡುವ ಬಿಸಿನೆಸ್, ಫಸ್ಟ್ ಕ್ಲಾಸ್ ಟಿಕೆಟ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 18ಕ್ಕೆ ಏರಿದೆ. ಹೋಲಿಸುವಾಗ ತೆರಿಗೆ ಸೇರಿಸಿಯೇ ನೋಡಬೇಕು.

ಮೈಲ್ಸ್ ದಾರಿ, ಮಧ್ಯವರ್ತಿಗಳ ದಾರಿ

ಭಾರತದ ಕೆಲವು ಕ್ರೆಡಿಟ್ ಕಾರ್ಡ್‌ಗಳ ಪಾಯಿಂಟ್‌ಗಳನ್ನು ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್‌ಗೆ ಬದಲಿಸಿಕೊಳ್ಳಬಹುದು. ಟಿಕೆಟ್ 'ಉಚಿತ' ಎಂದರೂ ಕಂಪನಿಯ ಸರ್‌ಚಾರ್ಜ್ ದೊಡ್ಡದೇ ಇರುತ್ತದೆ. ಲುಫ್ತಾನ್ಸಾ ತನ್ನ ಫಸ್ಟ್ ಕ್ಲಾಸ್ ಸೀಟುಗಳನ್ನು ಪಾಲುದಾರ ಕಂಪನಿಗಳ ಮೈಲ್ಸ್‌ಗೆ ತೆರೆಯುವುದು ಸಾಮಾನ್ಯವಾಗಿ ಹೊರಡುವ ದಿನ ಹತ್ತಿರ ಬಂದಾಗ ಮಾತ್ರ. ಒಮ್ಮೆ ಬದಲಿಸಿದ ಪಾಯಿಂಟ್ ಹಿಂದಿರುಗುವುದಿಲ್ಲವಾದ್ದರಿಂದ ಸೀಟು ಕಣ್ಣಿಗೆ ಕಂಡ ಮೇಲಷ್ಟೇ ಬದಲಿಸುವುದು ಜಾಣತನ. ಬಿಸಿನೆಸ್ ಟಿಕೆಟ್ ಕೊಂಡು, ಕಂಪನಿಯೇ ಇಮೇಲ್‌ನಲ್ಲಿ ಕಳಿಸುವ ಅಪ್‌ಗ್ರೇಡ್ ದರಕ್ಕೆ ಕಾಯುವವರೂ ಇದ್ದಾರೆ.

'ಅರ್ಧ ಬೆಲೆಗೆ ಫಸ್ಟ್ ಕ್ಲಾಸ್' ಎಂದು ಜಾಹೀರಾತು ಕೊಡುವ ಏಜೆಂಟರಲ್ಲಿ ಎರಡು ಬಗೆ. ಕಂಪನಿಗಳ ಜೊತೆ ಒಪ್ಪಂದದ ದರ ಹೊಂದಿರುವ ಸಗಟು ವ್ಯಾಪಾರಿಗಳು ಒಂದು. ಬೇರೆಯವರ ಮೈಲ್ಸ್ ಕೊಂಡು ಅದರಲ್ಲಿ ಟಿಕೆಟ್ ಮಾಡಿಕೊಡುವವರು ಇನ್ನೊಂದು. ಎರಡನೆಯದನ್ನು ವಿಮಾನ ಕಂಪನಿಗಳು ಒಪ್ಪುವುದಿಲ್ಲ, ಪತ್ತೆಯಾದರೆ ಟಿಕೆಟ್ ರದ್ದು. ಹಣ ಕೊಡುವ ಮುನ್ನ ಟಿಕೆಟ್ ಮೈಲ್ಸ್‌ನದೋ, ದರದ ಅಕ್ಷರ ಯಾವುದು ಎಂದು ಬರವಣಿಗೆಯಲ್ಲಿ ಕೇಳಬೇಕು.

ಇನ್ನು ತಪ್ಪು ದರದ ಆಸೆ. 2015ರ ಫೆಬ್ರುವರಿಯಲ್ಲಿ ಕರೆನ್ಸಿ ಲೆಕ್ಕದ ದೋಷದಿಂದ ಯುನೈಟೆಡ್‌ನ ಡೆನ್ಮಾರ್ಕ್ ಜಾಲತಾಣದಲ್ಲಿ ಲಂಡನ್–ನ್ಯೂಅರ್ಕ್ ಫಸ್ಟ್ ಕ್ಲಾಸ್ ಟಿಕೆಟ್ ಸುಮಾರು 75 ಡಾಲರ್‌ಗೆ ಕಾಣಿಸಿತು. ಸಾವಿರಾರು ಮಂದಿ ಮುಗಿಬಿದ್ದರು. ಯುನೈಟೆಡ್ ಎಲ್ಲವನ್ನೂ ರದ್ದು ಮಾಡಿತು, ಅಮೆರಿಕದ ಸಾರಿಗೆ ಇಲಾಖೆ ಕಂಪನಿಯ ಪರವಾಗಿಯೇ ನಿಂತಿತು. ಅಂಥ ದರ ಕಂಡು ಟಿಕೆಟ್ ಮಾಡಿಸಿದರೂ, ಅದು ಖಚಿತವಾಗಿ ಕೆಲವು ದಿನ ಕಳೆಯುವವರೆಗೆ ಹೋಟೆಲ್ ಬುಕ್ ಮಾಡದಿರುವುದು ಲೇಸು.