ಗಿಡಮೂಲದ ಕೀಟನಾಶಕ ಹೊಡೆದ ದ್ರಾಕ್ಷಿಯನ್ನು ತೊಳೆಯದೇ ತಿನ್ನಬಹುದೇ?

ಹೇಳಿಕೆ: ಬೇವು, ತಂಬಾಕು, ಹೂವುಗಳಿಂದ ಮಾಡಿದ ಔಷಧ ದ್ರಾಕ್ಷಿ ಬಳ್ಳಿಯ ಎಲ್ಲ ಹುಳು, ಪತಂಗಗಳನ್ನೂ ಕೊಲ್ಲುತ್ತದೆ. ಗಿಡದಿಂದ ಬಂದಿದ್ದರಿಂದ ಮನುಷ್ಯರಿಗೆ ಅಪಾಯವೇ ಇಲ್ಲ.

ನಮ್ಮ ತೀರ್ಮಾನ: ಅರ್ಧ ಸತ್ಯ. ಬೇವು ಕೆಲಸ ಮಾಡುತ್ತದೆ, ಆದರೆ ಎಲ್ಲ ಪತಂಗಗಳ ಮೇಲಲ್ಲ. ತಂಬಾಕಿನ ಕಷಾಯವಂತೂ ವಿಷ.

ಈ ಪ್ರಶ್ನೆ ನಮಗೇಕೆ ಮುಖ್ಯ?

ಶಿವಾಜಿನಗರದ ರಸೆಲ್ ಮಾರುಕಟ್ಟೆ, ಕೆ.ಆರ್. ಪುರಂ ಸಂತೆಗಳಲ್ಲಿ ಸಿಗುವ 'ಬೆಂಗಳೂರು ಬ್ಲೂ' ಕಪ್ಪು ದ್ರಾಕ್ಷಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಬೆಳೆ. ಇದಕ್ಕೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹಲಸೂರು, ಇಂದಿರಾನಗರದ ತಾರಸಿಗಳಲ್ಲೂ ಬಳ್ಳಿ ಹಬ್ಬಿಸುವವರಿದ್ದಾರೆ. ಮನೆಯಲ್ಲೇ ಔಷಧ ಕಲಸುವವರು ಹೆಚ್ಚಾಗಿ ಇವರೇ.

ಬೇವು ಹೇಗೆ ಕೆಲಸ ಮಾಡುತ್ತದೆ?

ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶವನ್ನು ವಿಜ್ಞಾನಿಗಳು 1968ರಲ್ಲಿ ಬೇರ್ಪಡಿಸಿದರು. ಇದು ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಹುಳು ಎಲೆ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಜೊತೆಗೆ ಪೊರೆ ಕಳಚಲು ಬೇಕಾದ ಹಾರ್ಮೋನನ್ನು ಕೆಡಿಸುತ್ತದೆ. ಆದ್ದರಿಂದ 'ಹೊಡೆದ ಮರುದಿನವೂ ಹುಳು ಬದುಕಿದೆ, ಔಷಧ ನಕಲಿ' ಎನ್ನುವುದು ತಪ್ಪು. ಬೇವು ಎಳೆ ಹುಳುಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಲಿತವುಗಳ ಮೇಲೆ ಕಡಿಮೆ. ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆ ಸಿಂಪಡಿಸುವುದು ಒಳ್ಳೆಯದು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವು ಮತ್ತು ಹೊಂಗೆ ಎಣ್ಣೆಯ ಸೋಪುಗಳನ್ನು ಕೀಟ ನಿಯಂತ್ರಣಕ್ಕೆಂದೇ ರೂಪಿಸಿದೆ. ಹಾಗಾಗಿ ಇದು ಬರೀ ಅಜ್ಜಿ ಮದ್ದಲ್ಲ.

ಯಾವ ಪತಂಗಕ್ಕೆ ಬೇವು ಸಾಲದು?

ತಂಬಾಕು ಕೀಡೆಯ ಪತಂಗ ಎಲೆಯ ಅಡಿಯಲ್ಲಿ ಗುಂಪಾಗಿ ಮೊಟ್ಟೆಯಿಡುತ್ತದೆ. ಅದರ ಮರಿಹುಳು ಎಲೆಯನ್ನೇ ತಿನ್ನುವುದರಿಂದ ಬೇವು ಅದಕ್ಕೆ ತಾಕುತ್ತದೆ. ಹಣ್ಣಿನ ರಸ ಹೀರುವ ಪತಂಗದ ಕಥೆ ಬೇರೆ. ಅದರ ಮರಿಹುಳು ಬೆಳೆಯುವುದು ಅಮೃತಬಳ್ಳಿಯಂಥ ಬಳ್ಳಿಗಳ ಮೇಲೆ. ದೊಡ್ಡ ಪತಂಗ ರಾತ್ರಿ ಹಾರಿಬಂದು ಹಣ್ಣಿಗೆ ಸೊಂಡಿಲು ಚುಚ್ಚುತ್ತದೆ. ದ್ರಾಕ್ಷಿ ಎಲೆಗೆ ಎಷ್ಟು ಬೇವು ಹೊಡೆದರೂ ಅದರ ಮರಿಹುಳು ಅಲ್ಲಿರುವುದಿಲ್ಲ. ಗೊಂಚಲಿಗೆ ಚೀಲ ಕಟ್ಟುವುದೇ ಇದಕ್ಕೆ ಉಪಾಯ.

'ಗಿಡದ್ದು' ಎಂದರೆ ಸುರಕ್ಷಿತವೇ?

ಇಲ್ಲ. ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುತ್ತದೆ. ಒದ್ದೆ ತಂಬಾಕು ಎಲೆ ಕೀಳುವ ಕಾರ್ಮಿಕರಿಗೆ ವಾಂತಿ, ತಲೆಸುತ್ತು ಬರುವುದು ಇದರಿಂದಲೇ. ನಿಕೋಟಿನ್ ಸಲ್ಫೇಟ್ ಕೀಟನಾಶಕವನ್ನು ಭಾರತದಲ್ಲಿ ಬಳಸುವುದು ನಿಷಿದ್ಧ. ಮನೆಯಲ್ಲಿ ಕುದಿಸಿದ ಕಷಾಯದಲ್ಲಿ ನಿಕೋಟಿನ್ ಎಷ್ಟಿದೆ ಎಂದು ಅಳೆಯಲು ಸಾಧ್ಯವಿಲ್ಲ.

ಸೇವಂತಿಗೆಯ ಹತ್ತಿರದ ಜಾತಿಯೊಂದರ ಹೂವಿನಿಂದ ತೆಗೆಯುವ ಪೈರೆಥ್ರಮ್ ಬಿಸಿಲಿಗೆ ಬೇಗ ಕರಗಿಹೋಗುತ್ತದೆ, ಆದರೆ ಜೇನುಹುಳುಗಳನ್ನೂ ಕೊಲ್ಲುತ್ತದೆ. ಬೇವಿನೆಣ್ಣೆ ಕುಡಿಸಿದ ಎಳೆ ಮಕ್ಕಳಿಗೆ ವಾಂತಿ, ಫಿಟ್ಸ್ ಬಂದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ.

ಹಾಗಾದರೆ ಏನು ಮಾಡಬೇಕು?

• ದ್ರಾಕ್ಷಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮೇಲಿನ ಔಷಧದ ಅಂಶ ಕಡಿಮೆಯಾಗುತ್ತದೆ. ಸೋಪು ಬೇಡ.
• ಹಣ್ಣಿನ ಮೇಲಿನ ತೆಳು ಬಿಳಿ ಲೇಪನವೆಲ್ಲ ಔಷಧವಲ್ಲ. ದ್ರಾಕ್ಷಿಯೇ ತಯಾರಿಸಿಕೊಳ್ಳುವ ಮೇಣ ಹಾಗೆ ಕಾಣುತ್ತದೆ.
• ತಾರಸಿ ಬಳ್ಳಿಗೆ ಲೇಬಲ್ ಇರುವ ಬೇವಿನ ಔಷಧವನ್ನೇ ಕೊಳ್ಳಿ. ಪ್ರಮಾಣ, ಕೊಯ್ಲಿಗೆ ಮುನ್ನ ಕಾಯಬೇಕಾದ ದಿನ ಎರಡನ್ನೂ ಪಾಲಿಸಿ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ.
• ಔಷಧವನ್ನು ಹಳೆಯ ಜ್ಯೂಸ್ ಬಾಟಲಿಗೆ ತುಂಬಿಡಬೇಡಿ.
• ಯಾರಾದರೂ ಕುಡಿದರೆ ಬಲವಂತವಾಗಿ ವಾಂತಿ ಮಾಡಿಸದೆ, ಬಾಟಲಿಯ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ತಂಬಾಕಿನ ಕಷಾಯ ಮಾಡುವ ವಿಧಾನ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಅದು ವಿಷವೆಂದು ತಿಳಿಸಿ.