ಅಂಕಪಟ್ಟಿಗೂ ಮುಂಚಿನ ಲೆಕ್ಕ

ಮುಧೋಳದ ಮಾತು ಬಂದರೆ ರನ್ನನ ಹೆಸರು ಬಂದೇ ಬರುತ್ತದೆ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು ಚಾಲುಕ್ಯ ತೈಲಪನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡ. ಪ್ರತಿಭೆಯಿದ್ದರೆ ಸಾಕು, ಮೀಸಲಾತಿ ಯಾಕೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಕಥೆಯ ಇನ್ನರ್ಧವನ್ನು ನಾವು ಮರೆಯುತ್ತೇವೆ. ಓದುವುದಕ್ಕಾಗಿ ರನ್ನ ಊರು ಬಿಟ್ಟು ಗಂಗರ ನಾಡಿಗೆ ಹೋಗಬೇಕಾಯಿತು. ಅಲ್ಲಿ ಅಜಿತಸೇನಾಚಾರ್ಯರಂಥ ಗುರು, ಚಾವುಂಡರಾಯನಂಥ ಆಶ್ರಯದಾತ ಸಿಕ್ಕರು. ಮುಂದೆ ಅತ್ತಿಮಬ್ಬೆಯ ಆಸರೆಯೂ ದೊರೆಯಿತು. ಬಳೆಯ ಮಲಾರ ಹೊತ್ತೇ ಬದುಕು ಕಳೆದ ಅವನ ಓರಗೆಯವರಲ್ಲಿ ಎಷ್ಟು ಕವಿಗಳಿದ್ದರೋ, ಯಾವ ಶಾಸನವೂ ಹೇಳುವುದಿಲ್ಲ.

ಸಾವಿರ ವರ್ಷಗಳ ನಂತರವೂ ಈ ಸೀಮೆಯ ಮಕ್ಕಳ ಓದು ಹುಟ್ಟಿದ ಜಾಗವನ್ನೇ ನೆಚ್ಚಿಕೊಂಡಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಕಾಲೇಜಿಗೆ ಕೊಲ್ಹಾಪುರಕ್ಕೇ ಹೋಗಬೇಕಾಯಿತು. ಅದು ಶಾಹೂ ಮಹಾರಾಜರ ಊರು. 1902ರಲ್ಲೇ ಸರ್ಕಾರಿ ನೌಕರಿಯಲ್ಲಿ ಶೇ. 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟವರು ಅವರು. ಮುಸ್ಲಿಮರೂ ಸೇರಿದಂತೆ ಬೇರೆ ಬೇರೆ ಸಮುದಾಯಗಳ ಹುಡುಗರಿಗೆ ವಸತಿಗೃಹ ತೆರೆಸಿದವರೂ ಅವರೇ. ಬರೀ ಪರೀಕ್ಷೆ ನಡೆಸಿದರೆ ಸಾಲದು, ಪರೀಕ್ಷೆಯ ತನಕ ಬರುವವನಿಗೆ ಅನ್ನ ಮತ್ತು ಚಾಪೆ ಬೇಕು ಎಂಬುದು ಆ ಅರಸನಿಗೆ ತಿಳಿದಿತ್ತು.

ಜತ್ತಿಯವರು ಮೈಸೂರಿನ ಮುಖ್ಯಮಂತ್ರಿಯಾದದ್ದು 1958ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ ‘ಮೆರಿಟಾಕ್ರಸಿ’ ಎಂಬ ಪದವನ್ನು ಪುಸ್ತಕವೊಂದರಲ್ಲಿ ಗೇಲಿಗೆಂದು ಬಳಸಿದರು. ಜಗತ್ತು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿತು! ಜತ್ತಿ ಸರ್ಕಾರ 1960ರಲ್ಲಿ ನಾಗನಗೌಡ ಸಮಿತಿಯನ್ನು ನೇಮಿಸಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆಂದು ಸಮಿತಿ ಎಣಿಸಿತು. ರಾಜ್ಯದ ಸರಾಸರಿ 6.9. ಸಾವಿರಕ್ಕೆ ಏಳು ಮಕ್ಕಳೂ ಮುಟ್ಟದ ಮೆಟ್ಟಿಲಿನ ಮೇಲೆ ನಿಂತು ನಾವು ‘ಅರ್ಹತೆ’ಯ ಚರ್ಚೆ ನಡೆಸುತ್ತಿದ್ದೆವು.

1962ರ ಜುಲೈ 31ರ ಆದೇಶ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68ರಷ್ಟನ್ನು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಅದೇ ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. ಅರ್ಹರನ್ನು ಹೊರಗಿಟ್ಟರೆ ರಾಷ್ಟ್ರಹಿತಕ್ಕೆ ಧಕ್ಕೆ, ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆಯಿರಲಿ ಎಂದಿತು. ತೀರ್ಪು ಪೂರಾ ತಪ್ಪೆಂದು ನಾವು ಹೇಳಲಾರೆವು. ಜಾತಿಯೊಂದೇ ಅಳತೆಯಾಗದು, ಬಡತನ, ಕಸುಬು, ವಾಸಿಸುವ ಜಾಗ ಇವೂ ಹಿಂದುಳಿಸುತ್ತವೆ ಎಂದು ಅದು ಗುರುತಿಸಿತು. ಒಂದೇ ಜಾತಿಯ ಜಮೀನುದಾರನನ್ನೂ ಮಗ್ಗದವನನ್ನೂ ಒಂದೇ ಸಾಲಿನಲ್ಲಿ ಎಣಿಸುವುದು ನ್ಯಾಯವಲ್ಲ. ಆದರೆ ಅರ್ಹತೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

1963ರಲ್ಲಿ ಸರ್ಕಾರ ಅಳತೆ ಬದಲಿಸಿತು: ಕುಟುಂಬದ ವರಮಾನ ವರ್ಷಕ್ಕೆ 1,200 ರೂಪಾಯಿ ಮೀರಬಾರದು, ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೈಗಾರಿಕೆ ಅಥವಾ ಮೈಮುರಿದು ಮಾಡುವ ದುಡಿಮೆಯಾಗಿರಬೇಕು. ರಬಕವಿ-ಬನಹಟ್ಟಿಯ ನೇಕಾರ, ಬೀಳಗಿಯ ಒಣಬೇಸಾಯಗಾರ, ಸಂತೆಯ ಮುಸ್ಲಿಂ ವ್ಯಾಪಾರಿ ಎಲ್ಲರೂ ಇದರೊಳಗೆ ಬರಬಹುದಿತ್ತು. ಜೊತೆಗೇ ಸಂದರ್ಶನಕ್ಕೂ ಅಂಕಗಳು ಬಂದವು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದೂ ಸೀಟು ಕಳೆದುಕೊಂಡವರು ಕೋರ್ಟಿಗೆ ಹೋದರು. 1964ರ ಚಿತ್ರಲೇಖಾ ತೀರ್ಪು ಸಂದರ್ಶನವನ್ನು ಎತ್ತಿಹಿಡಿಯಿತು. ಅಲ್ಲಿ ಅಂಕ ಸಿಗುತ್ತಿದ್ದುದು ಸಾಮಾನ್ಯ ಜ್ಞಾನಕ್ಕೆ, ವ್ಯಕ್ತಿತ್ವಕ್ಕೆ, ಎನ್‌ಸಿಸಿಗೆ, ಆಟೋಟ, ಚರ್ಚಾಕೂಟ, ನಾಟಕಗಳಿಗೆ. ಶಾಲೆ ಬಿಟ್ಟೊಡನೆ ಮನೆಗೆ ಓಡಿ ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದ ಹುಡುಗನ ಆ ಕೆಲಸಕ್ಕೆ ಅಂಕದ ಕಲಮು ಇರಲಿಲ್ಲ.