ರಿಯಾಲಿಟಿ ಟೆಲಿವಿಷನ್: ನೈತಿಕ ಚರ್ಚೆಯ ಚರಿತ್ರೆ

ರಿಯಾಲಿಟಿ ಟೆಲಿವಿಷನ್: ಬರೆದುಕೊಟ್ಟ ಸಂಭಾಷಣೆ ಒಪ್ಪಿಸುವ ನಟರ ಬದಲು, ತಮ್ಮದೇ ಹೆಸರಿನಲ್ಲಿ ಕ್ಯಾಮೆರಾ ಮುಂದೆ ಬರುವವರ ಸ್ಪರ್ಧೆ, ಸ್ನೇಹ, ಜಗಳ, ಕಣ್ಣೀರುಗಳನ್ನು ತೋರಿಸುವ ಕಾರ್ಯಕ್ರಮ ಪ್ರಕಾರ. ಸನ್ನಿವೇಶವನ್ನು ನಿರ್ಮಾಪಕರು ಕಟ್ಟುತ್ತಾರೆ. ನೂರಾರು ಗಂಟೆಗಳ ಚಿತ್ರೀಕರಣದಿಂದ ಆಯ್ದು ಜೋಡಿಸುವಾಗ ಸಂಕಲನದ ಮೇಜಿನ ಮೇಲೆ ನಾಯಕರೂ ಖಳರೂ ರೂಪುಗೊಳ್ಳುತ್ತಾರೆ. ಈ ಪ್ರಕಾರದ ನೈತಿಕತೆಯ ಚರ್ಚೆ ವೀಕ್ಷಕರಿಗಾಗುವ ಮೋಸದಿಂದ ಆರಂಭವಾಗಿ, ಖಾಸಗಿತನ ಮತ್ತು ಸದಭಿರುಚಿಯ ಪ್ರಶ್ನೆಗಳನ್ನು ಹಾದು, ಭಾಗವಹಿಸುವವರ ಕ್ಷೇಮಕ್ಕೆ ಬಂದು ನಿಂತಿದೆ.

ಆರಂಭಿಕ ಘಟ್ಟ

ಅಮೆರಿಕದಲ್ಲಿ ಆಲನ್ ಫಂಟ್ 1948ರಲ್ಲಿ ಟೆಲಿವಿಷನ್ನಿಗೆ ತಂದ ‘ಕ್ಯಾಂಡಿಡ್ ಕ್ಯಾಮೆರಾ’ ಮಾದರಿ, ಅಡಗಿಸಿಟ್ಟ ಕ್ಯಾಮೆರಾದಿಂದ ಜನಸಾಮಾನ್ಯರ ಪೇಚಾಟವನ್ನು ಸೆರೆಹಿಡಿದು ನಗಿಸುತ್ತಿತ್ತು. 1950ರ ದಶಕದಲ್ಲಿ ‘ಟ್ವೆಂಟಿ-ಒನ್’ ಮುಂತಾದ ಕ್ವಿಜ್ ಕಾರ್ಯಕ್ರಮಗಳಲ್ಲಿ ಸ್ಪರ್ಧಿಗಳಿಗೆ ಉತ್ತರಗಳನ್ನು ಮೊದಲೇ ಹೇಳಿಕೊಟ್ಟದ್ದು ಬಯಲಾಯಿತು. 1959ರಲ್ಲಿ ‘ಟ್ವೆಂಟಿ-ಒನ್’ ಸ್ಪರ್ಧಿ ಚಾರ್ಲ್ಸ್ ವಾನ್ ಡೋರೆನ್ ಸಂಸದೀಯ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡ. ಮರುವರ್ಷ ಇಂಥ ಕೈವಾಡ ಕಾನೂನುಬಾಹಿರವಾಯಿತು. ಈ ಕಾನೂನು ರಕ್ಷಿಸಿದ್ದು ನೋಡುಗರನ್ನು.

ಕ್ಯಾಮೆರಾ ಮನೆಯೊಳಗೆ ಕಾಲಿಟ್ಟದ್ದು 1970ರ ದಶಕದಲ್ಲಿ. 1973ರಲ್ಲಿ ಪಿಬಿಎಸ್ ಪ್ರಸಾರ ಮಾಡಿದ 12 ಕಂತುಗಳ ‘ಆ್ಯನ್ ಅಮೆರಿಕನ್ ಫ್ಯಾಮಿಲಿ’ಗಾಗಿ ಕ್ಯಾಲಿಫೋರ್ನಿಯದ ಲೌಡ್ ಕುಟುಂಬದ ಬದುಕನ್ನು ಸುಮಾರು 300 ಗಂಟೆಗಳಷ್ಟು ಚಿತ್ರಿಸಿಕೊಳ್ಳಲಾಗಿತ್ತು. ದಂಪತಿಯ ವಿಚ್ಛೇದನದ ನಿರ್ಧಾರವೂ ತೆರೆಯ ಮೇಲೆ ಬಂತು. ಸಂಕಲನ ತಮ್ಮನ್ನು ತಪ್ಪಾಗಿ ಬಿಂಬಿಸಿತೆಂದು ಕುಟುಂಬ ದೂರಿತು. ಮುಂದಿನ ವರ್ಷ ಬಿಬಿಸಿಯ ‘ದಿ ಫ್ಯಾಮಿಲಿ’ ರೆಡಿಂಗ್ ನಗರದ ಕಾರ್ಮಿಕ ಕುಟುಂಬವೊಂದನ್ನು ಇದೇ ರೀತಿ ತೋರಿಸಿತು.

ಉದ್ಯಮವಾಗಿ ಬೆಳವಣಿಗೆ

1988ರ ಹಾಲಿವುಡ್ ಬರಹಗಾರರ ಮುಷ್ಕರದ ನಂತರ ಬರಹಗಾರರೂ ನಟರೂ ಬೇಡದ, ಅಗ್ಗದ ಕಾರ್ಯಕ್ರಮಗಳಿಗೆ ಬೇಡಿಕೆ ಹೆಚ್ಚಿತು. 1989ರಲ್ಲಿ ಫಾಕ್ಸ್ ವಾಹಿನಿಯ ‘ಕಾಪ್ಸ್’, 1992ರಲ್ಲಿ ಎಂಟಿವಿಯ ‘ದಿ ರಿಯಲ್ ವರ್ಲ್ಡ್’ ಶುರುವಾದವು. 1997ರಲ್ಲಿ ಸ್ವೀಡನ್ನಿನ ‘ಎಕ್ಸ್‌ಪೆಡಿಷನ್ ರಾಬಿನ್ಸನ್’ ಸ್ಪರ್ಧಿಗಳನ್ನು ದ್ವೀಪವೊಂದಕ್ಕೆ ಕಳಿಸಿ, ಅವರೇ ಒಬ್ಬೊಬ್ಬರನ್ನು ಮತ ಹಾಕಿ ಹೊರಗಟ್ಟುವ ಎಲಿಮಿನೇಷನ್ ಪದ್ಧತಿ ತಂದಿತು. ಮೊದಲು ಹೊರಬಿದ್ದ ಸ್ಪರ್ಧಿ ಪ್ರಸಾರಕ್ಕೂ ಮುನ್ನವೇ ಆತ್ಮಹತ್ಯೆ ಮಾಡಿಕೊಂಡರು. ಸ್ಪರ್ಧಿಯ ಮಾನಸಿಕ ಆರೋಗ್ಯದ ಪ್ರಶ್ನೆ ಆಗಲೇ ಎದ್ದರೂ ಉದ್ಯಮ ಅದಕ್ಕೆ ಕಿವಿಗೊಡಲು ಎರಡು ದಶಕ ಬೇಕಾಯಿತು.

1999ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನಲ್ಲಿ ಜಾನ್ ಡಿ ಮೋಲ್ ಅವರ ‘ಬಿಗ್ ಬ್ರದರ್’ ಆರಂಭವಾಯಿತು. ಹೊರಲೋಕದ ನಂಟು ಕಡಿದು ಅಪರಿಚಿತರನ್ನು ಒಂದೇ ಮನೆಯಲ್ಲಿ ಕೂಡಿಹಾಕಿ, ಹಗಲಿರುಳೂ ಚಿತ್ರೀಕರಿಸುವ ಈ ಮಾದರಿ ದೇಶದಿಂದ ದೇಶಕ್ಕೆ ಪರವಾನಗಿಯ ಮೇಲೆ ಮಾರಾಟವಾಯಿತು. 2000ದಲ್ಲಿ ಅಮೆರಿಕದ ‘ಸರ್ವೈವರ್’ ಮೊದಲ ಆವೃತ್ತಿಯ ಫಿನಾಲೆಯನ್ನು 5 ಕೋಟಿಗೂ ಹೆಚ್ಚು ಮಂದಿ ವೀಕ್ಷಿಸಿದರು.

ಶಿಲ್ಪಾ ಶೆಟ್ಟಿ ಪ್ರಕರಣ

2007ರ ಜನವರಿಯಲ್ಲಿ ಬ್ರಿಟನ್ನಿನ ‘ಸೆಲೆಬ್ರಿಟಿ ಬಿಗ್ ಬ್ರದರ್’ ಮನೆಯಲ್ಲಿ ಮಂಗಳೂರು ಮೂಲದ ನಟಿ ಶಿಲ್ಪಾ ಶೆಟ್ಟಿಯವರನ್ನು ಸಹಸ್ಪರ್ಧಿ ಜೇಡ್ ಗುಡಿ ಮತ್ತಿತರರು ಜನಾಂಗೀಯವಾಗಿ ಹೀಯಾಳಿಸಿದರು. ಮಾಧ್ಯಮ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ 40 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಮುಖ್ಯ ಪ್ರಾಯೋಜಕರು ಹಿಂದೆ ಸರಿದರು. ಆಗ ಭಾರತ ಪ್ರವಾಸದಲ್ಲಿದ್ದ ಬ್ರಿಟನ್ನಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಬೆಂಗಳೂರಿನಲ್ಲಿ ಈ ಕುರಿತ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಶಿಲ್ಪಾ ಸ್ಪರ್ಧೆ ಗೆದ್ದರು. ಪ್ರಸಾರ ಸಂಹಿತೆ ಉಲ್ಲಂಘಿಸಿದ ಚಾನೆಲ್ 4 ವಾಹಿನಿ ಆಫ್‌ಕಾಮ್‌ನ ತೀರ್ಪನ್ನು ತೆರೆಯ ಮೇಲೆ ಓದಿ ಹೇಳಬೇಕಾಯಿತು. ಜನಾಂಗೀಯ ನಿಂದನೆಯನ್ನು ಪ್ರಸಾರ ಮಾಡುವುದು ಸಮಾಜಕ್ಕೆ ಕನ್ನಡಿ ಹಿಡಿಯುವುದೋ, ದ್ವೇಷದಿಂದ ಲಾಭ ಗಳಿಸುವುದೋ ಎಂಬ ವಾದಕ್ಕೆ ಇದು ಪ್ರಮುಖ ಉದಾಹರಣೆಯಾಗಿ ಉಳಿದಿದೆ.

ಭಾರತ

ಭಾರತದಲ್ಲಿ ಈ ಪ್ರಕಾರಕ್ಕೆ ನೆಲೆ ಒದಗಿಸಿದ್ದು 1995ರ ‘ಸ ರೆ ಗ ಮ’ದಂಥ ಗಾಯನ ಸ್ಪರ್ಧೆಗಳು ಮತ್ತು 2000ದ ‘ಕೌನ್ ಬನೇಗಾ ಕರೋಡ್‌ಪತಿ’. ‘ಬಿಗ್ ಬಾಸ್’ ಹಿಂದಿಯಲ್ಲಿ ಶುರುವಾದದ್ದು 2006ರಲ್ಲಿ. ಇಲ್ಲಿನ ಚರ್ಚೆ ಮೊದಲು ಸುತ್ತಿದ್ದು ಸದಭಿರುಚಿಯ ಸುತ್ತ. ಸ್ಪರ್ಧಿಯ ಅಂತರಂಗ ಕೆದಕುತ್ತಿದ್ದ ‘ಸಚ್ ಕಾ ಸಾಮ್ನಾ’ 2009ರಲ್ಲಿ ಸಂಸತ್ತಿನಲ್ಲಿ ಪ್ರತಿಧ್ವನಿಸಿತು; ದೆಹಲಿ ಹೈಕೋರ್ಟ್ ಅದನ್ನು ನಿಷೇಧಿಸಲು ಒಪ್ಪಲಿಲ್ಲ. 2010ರಲ್ಲಿ ಕೇಂದ್ರ ಸರ್ಕಾರ ‘ಬಿಗ್ ಬಾಸ್’ ಮತ್ತು ‘ರಾಖಿ ಕಾ ಇನ್ಸಾಫ್’ಗಳನ್ನು ರಾತ್ರಿ 11ರ ನಂತರವೇ ಪ್ರಸಾರ ಮಾಡುವಂತೆ ಆದೇಶಿಸಿತು.

ಮಕ್ಕಳ ವಿಷಯದಲ್ಲಿ ಕಾನೂನು ಹೆಚ್ಚು ಸ್ಪಷ್ಟವಾಗಿದೆ. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಬಾಲ ಕಲಾವಿದರು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ನೃತ್ಯ ಸ್ಪರ್ಧೆಗಳಲ್ಲಿ ಮಕ್ಕಳಿಂದ ವಯಸ್ಕರ ಹಾವಭಾವ ಮಾಡಿಸದಂತೆ 2019ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಾಹಿನಿಗಳಿಗೆ ಸೂಚಿಸಿತು.

ಕನ್ನಡ

ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’, ಸ್ಪರ್ಧಿಯನ್ನು ನೋಯಿಸದೆ ತಿದ್ದುವ ಮಾದರಿಯೊಂದನ್ನು ಹಾಕಿಕೊಟ್ಟಿತ್ತು. ಮಾಳವಿಕಾ ಅವಿನಾಶ್ ನಿರೂಪಣೆಯ ‘ಬದುಕು ಜಟಕಾ ಬಂಡಿ’ ಕುಟುಂಬ ಕಲಹಗಳನ್ನು ಸ್ಟುಡಿಯೊಗೆ ತಂದಿತು. ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಹಳ್ಳಿ ಮತ್ತು ಹಾಡಿಗಳ ಯುವಕರನ್ನು ನಗರಕ್ಕೆ ಕರೆತಂದು ಅವರ ತಬ್ಬಿಬ್ಬನ್ನೇ ಮನರಂಜನೆಯಾಗಿಸಿತು. ಅದರಲ್ಲಿ ಗೆದ್ದು ‘ಜಂಗಲ್ ಜಾಕಿ’ ಚಿತ್ರದ ನಾಯಕನಾದ ರಾಜೇಶ್, 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡರು. ದಿಢೀರ್ ಖ್ಯಾತಿಗೆ ಒಡ್ಡಿಕೊಂಡವರ ನಂತರದ ಬದುಕಿಗೆ ಹೊಣೆ ಯಾರು ಎಂಬ ಪ್ರಶ್ನೆ ಆಗ ಕನ್ನಡದಲ್ಲಿ ಗಟ್ಟಿಯಾಗಿ ಕೇಳಿಬಂತು.

‘ಕಿಚ್ಚ’ ಸುದೀಪ್ ನಿರೂಪಣೆಯ ‘ಬಿಗ್ ಬಾಸ್ ಕನ್ನಡ’ 2013ರ ಮಾರ್ಚ್ 24ರಂದು ಈಟಿವಿ ಕನ್ನಡದಲ್ಲಿ ಆರಂಭವಾಯಿತು. ಮನೆಯೊಳಗಿನ ಜಗಳಗಳ ಸರಿತಪ್ಪನ್ನು ಅವರು ತೀರ್ಮಾನಿಸುವ ವಾರಾಂತ್ಯದ ಕಂತು ಜನರ ಬಾಯಲ್ಲಿ ‘ಕಿಚ್ಚನ ಪಂಚಾಯಿತಿ’ ಆಯಿತು. 2024ರ ಆವೃತ್ತಿಯಲ್ಲಿ ಸ್ಪರ್ಧಿಗಳನ್ನು ಸ್ವರ್ಗ–ನರಕಗಳಾಗಿ ವಿಂಗಡಿಸಿ ನರಕವಾಸಿಗಳ ಸೌಲಭ್ಯ ಕಡಿತಗೊಳಿಸಿದ್ದಕ್ಕೆ ರಾಜ್ಯ ಮಹಿಳಾ ಆಯೋಗ ಆಕ್ಷೇಪಿಸಿತು. ಅದೇ ಆವೃತ್ತಿಯನ್ನು ಗೆದ್ದವರು, ‘ಸರಿಗಮಪ’ ಗಾಯನ ಸ್ಪರ್ಧೆಯಿಂದ ಬೆಳಕಿಗೆ ಬಂದಿದ್ದ ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ. ಸಿನಿಮಾ ನಂಟಿಲ್ಲದ ಉತ್ತರ ಕರ್ನಾಟಕದ ಪ್ರತಿಭೆಗೆ, ಅಲ್ಲಿನ ಮಾತಿನ ಧಾಟಿಗೆ ಇಡೀ ರಾಜ್ಯದ ವೇದಿಕೆ ಸಿಕ್ಕಿದ್ದೂ ಇದೇ ಪ್ರಕಾರದಿಂದ.

ಸಮ್ಮತಿಯಿಂದ ಕ್ಷೇಮಪಾಲನೆಗೆ

ಕರಾರಿಗೆ ಸಹಿ ಹಾಕಿದವರು ಎಲ್ಲಕ್ಕೂ ಒಪ್ಪಿದಂತೆ ಎಂಬುದು ನಿರ್ಮಾಪಕರ ಬಹುಕಾಲದ ಸಮರ್ಥನೆ. ಇದಕ್ಕೆ ಮೊದಲ ದೊಡ್ಡ ಪೆಟ್ಟು ಕಾರ್ಮಿಕ ಕಾನೂನಿನ ಕಡೆಯಿಂದ ಬಿತ್ತು: 2009ರಲ್ಲಿ ಫ್ರಾನ್ಸಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯ ‘ಲಿಲ್ ದ ಲಾ ತಾಂತಾಸಿಯಾಂ’ ಸ್ಪರ್ಧಿಗಳನ್ನು ಉದ್ಯೋಗಿಗಳೆಂದು ಪರಿಗಣಿಸಿತು. 2019ರಲ್ಲಿ ಬ್ರಿಟನ್ನಿನ ‘ದಿ ಜೆರೆಮಿ ಕೈಲ್ ಶೋ’ದಲ್ಲಿ ಸುಳ್ಳುಪತ್ತೆ ಪರೀಕ್ಷೆಗೆ ಒಳಗಾಗಿದ್ದ ಅತಿಥಿಯೊಬ್ಬರ ಸಾವಿನ ನಂತರ ಕಾರ್ಯಕ್ರಮವೇ ರದ್ದಾಯಿತು. 2021ರಿಂದ, ಭಾಗವಹಿಸುವವರಲ್ಲಿ ಹಾನಿಯ ಅಪಾಯವಿರುವವರ ಕ್ಷೇಮ ನೋಡಿಕೊಳ್ಳುವುದು ಅಲ್ಲಿನ ಪ್ರಸಾರಕರ ಕರ್ತವ್ಯವಾಗಿದೆ. ಜಪಾನಿನಲ್ಲಿ ‘ಟೆರೇಸ್ ಹೌಸ್’ ಕಾರ್ಯಕ್ರಮದಲ್ಲಿ ಭಾಗವಹಿಸಿದ್ದ ಕುಸ್ತಿಪಟು ಹಾನಾ ಕಿಮುರಾ ಆನ್‌ಲೈನ್ ನಿಂದನೆಗೆ ಗುರಿಯಾಗಿ 2020ರಲ್ಲಿ ಪ್ರಾಣ ಕಳೆದುಕೊಂಡರು. 2022ರಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ಅವಮಾನಕ್ಕೆ ಒಂದು ವರ್ಷದವರೆಗಿನ ಸೆರೆವಾಸದ ಶಿಕ್ಷೆ ತಂದಿತು.

ಕಿಮುರಾ ಪ್ರಕರಣದೊಂದಿಗೆ ಹೊಣೆಗಾರಿಕೆಯ ವ್ಯಾಪ್ತಿ ವಾಹಿನಿಯನ್ನು ದಾಟಿ ವೀಕ್ಷಕರನ್ನೂ ಮುಟ್ಟಿತು. ಒಂದು ಕಾಲಕ್ಕೆ ಮೋಸಹೋದವರೆಂದು ಕಾನೂನಿನ ರಕ್ಷಣೆ ಪಡೆದ ವೀಕ್ಷಕರು ಈಗ ಮತ, ಟ್ರೋಲ್, ಕಮೆಂಟುಗಳ ಮೂಲಕ ಸ್ಪರ್ಧಿಯ ಪಾಡನ್ನು ನಿರ್ಧರಿಸುವವರೂ ಆಗಿದ್ದಾರೆ.